ಡ್ಯಾನ್ಯೂಬ್ ದಡದಲ್ಲಿ ಬಿಟ್ಟ ಎಕ್ಕಡ

ನಾನು ಒಂದು ಜೊತೆ ಚಪ್ಪಲಿ. ಜೊತೆ ಎಂದರೂ ಜೀವ ಒಂದೇ. ಎಡದ್ದೂ ನಾನೇ, ಬಲದ್ದೂ ನಾನೇ. ಒಂದು ಕಳೆದರೆ ಇನ್ನೊಂದನ್ನು ನಾಯಿಯೂ ಮೂಸುವುದಿಲ್ಲ. ನಮ್ಮ ಕಡೆಯ ಹಳ್ಳಿಗಳಲ್ಲಿ ನನ್ನನ್ನು ಎಕ್ಕಡ ಎನ್ನುತ್ತಾರೆ. ಜಗಳವಾದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ನನ್ನ ಹೆಸರು, ಹಬ್ಬವಾದರೆ ಮೊದಲು ಹೊರಗೆ ಹೋಗುವುದೂ ನಾನೇ. ಇದಕ್ಕೆಲ್ಲ ನನಗೆ ಬೇಸರವಿಲ್ಲ. ಆದರೆ ನಾನು ಸ್ವಲ್ಪ ಬೆಚ್ಚಿಬೀಳುವ ಸ್ವಭಾವದ ಚಪ್ಪಲಿ, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಅರಸೀಕೆರೆಯ ಬಸ್ ನಿಲ್ದಾಣದ ಹಿಂದೆ ಮಾರಣ್ಣನ ಅಂಗಡಿಯಲ್ಲಿ ನಾನು ಹುಟ್ಟಿದೆ. ಅಂಗಡಿ ಎಂದರೆ ನಾಲ್ಕು ತಗಡು, ಕೂರಲು ಒಂದು ಗೋಣಿ, ಒಂದು ಉಳಿ, ಒಂದು ದಬ್ಬಣ, ಮೇಣ ಹಚ್ಚಿದ ದಾರದ ಉಂಡೆ. ನನ್ನ ಮೇಲ್ಭಾಗ ಒಳ್ಳೆಯ ಚರ್ಮದ್ದು. ಅಡಿಗೆ ಹಾಕಿದ್ದು ಲಾರಿಯ ಹಳೆಯ ಟೈರು. ಆ ಟೈರು ಪುಣೆ, ಸೊಲ್ಲಾಪುರವನ್ನೆಲ್ಲ ನೋಡಿ ಬಂದಿತ್ತು. ನಾನು ಹುಟ್ಟಿದ ದಿನದಿಂದಲೇ ಅದರ ಪ್ರವಾಸದ ಜಂಬ ಕೇಳಬೇಕಾಯಿತು. ಮೊದಲ ಸಲ ದಬ್ಬಣ ಚುಚ್ಚಿದಾಗ ನಾನು ಬೆಚ್ಚಿಬಿದ್ದೆ. ಮಾರಣ್ಣ ಹೆಬ್ಬೆರಳಿನಿಂದ ಆ ಜಾಗವನ್ನು ಒತ್ತಿ ಸವರಿದ. ಅವನ ಹೆಬ್ಬೆರಳು ನನಗಿಂತ ಒರಟಾಗಿತ್ತು.

ನನ್ನನ್ನು ಮೊದಲು ಕೊಂಡವರು ಹೈಸ್ಕೂಲ್ ಮೇಷ್ಟರ ಹೆಂಡತಿ ರುದ್ರಾಣಮ್ಮ. ಮೂರೇ ದಿನ. ನಾಲ್ಕನೆಯ ದಿನ ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದು ನನ್ನನ್ನು ಮಾರಣ್ಣನ ಮುಂದೆ ಎಸೆದರು.

"ಕಚ್ಚುತ್ತೆ ಮಾರಣ್ಣ. ನನಗೆ ಬೇಡ."

"ಹೊಸ ಎಕ್ಕಡ ಮೂರು ದಿನ ಕಚ್ತದೆ ಕಣವ್ವ, ಆಮೇಲೆ ಮೂರು ವರ್ಷ ಕಾಯ್ತದೆ," ಎಂದ ಮಾರಣ್ಣ. ಅವರು ಕೇಳಲಿಲ್ಲ. ತಿರುಗಿಯೂ ನೋಡದೆ ಹೋದರು. ಹಾಗೆ ಹೋಗುವ ಹಿಮ್ಮಡಿಗಳನ್ನು ನಾನು ಅದೇ ಮೊದಲು ಕಂಡದ್ದು. ಅಂದಿನಿಂದ ನನಗೆ ಒಂದೇ ಭಯ ಅಂಟಿಕೊಂಡಿತು. ಬಿಟ್ಟು ಹೋದವರು ತಿರುಗಿ ಬರುತ್ತಾರೋ ಇಲ್ಲವೋ? ಗುಡಿಯ ಮುಂದೆ, ಮದುವೆ ಮನೆಯ ಮುಂದೆ ರಾಶಿ ಬಿದ್ದ ಚಪ್ಪಲಿಗಳನ್ನು ನೀವು ನೋಡಿರುತ್ತೀರಿ. ಅವೆಲ್ಲ ಸುಮ್ಮನೆ ಬಿದ್ದಿವೆ ಎಂದುಕೊಂಡಿರುತ್ತೀರಿ. ಒಂದೊಂದೂ ಬಾಗಿಲನ್ನೇ ನೋಡುತ್ತಿರುತ್ತದೆ.

ಆರು ತಿಂಗಳು ಮೊಳೆಯಲ್ಲಿ ನೇತಾಡಿದೆ. ಆಮೇಲೆ ಬಂದವಳು ದೇವೀರಮ್ಮ. ಬಿಳಿಕಲ್ಲಹಳ್ಳಿಯವಳು, ಐವತ್ತೇಳು ವರ್ಷ, ನಾಲ್ಕು ಹಸು, ಹಳ್ಳಿಯ ಮಹಿಳಾ ಹಾಲು ಸಂಘಕ್ಕೆ ಅಧ್ಯಕ್ಷೆ. ಜಿಲ್ಲೆಯ ಹನ್ನೆರಡು ಸಂಘಗಳ ಅಧ್ಯಕ್ಷೆಯರನ್ನು ಯುರೋಪಿಗೆ ಅಧ್ಯಯನ ಪ್ರವಾಸಕ್ಕೆ ಕಳಿಸುವುದೆಂದು ತೀರ್ಮಾನವಾಗಿ, ಅದರಲ್ಲಿ ಅವಳ ಹೆಸರೂ ಇತ್ತು. ಎಲ್ಲರೂ ಬೂಟು ತೆಗೆದುಕೋ ಎಂದಿದ್ದರಂತೆ.

"ಬೂಟ್ನಾಗೆ ಕಾಲು ಉಸಿರಾಡಕ್ಕಿಲ್ಲ ಕಣಪ್ಪ. ಗಟ್ಟಿಯಾದ ಎಕ್ಕಡ ಕೊಡು," ಎಂದಳು.

ಮಾರಣ್ಣ ನನ್ನನ್ನು ಮೊಳೆಯಿಂದ ಇಳಿಸಿದ. ಅವಳ ಹಿಮ್ಮಡಿ ತುಂಬ ಬಿರುಕು, ಕಿರುಬೆರಳಿಗೆ ಉಗುರೇ ಇಲ್ಲ. ಯಾವುದೋ ಹಸು ತುಳಿದದ್ದು. ನಾನು ಅಭ್ಯಾಸಬಲದಿಂದ ಕಚ್ಚಿದೆ. ಅವಳು ಬಗ್ಗಿ ನೋಡಿ, "ಏಯ್, ಕಚ್ಬ್ಯಾಡ," ಎಂದು ಕರುವಿಗೆ ಗದರಿಸುವ ಹಾಗೆ ಗದರಿಸಿ, ಮನೆಗೆ ಹೋಗಿ ಕೊಬ್ಬರಿ ಎಣ್ಣೆ ಹಚ್ಚಿದಳು. ನನಗೆ ಎಣ್ಣೆ ಹಚ್ಚಿದವರು ಅವಳೊಬ್ಬಳೇ. ಮತ್ತೆ ಕಚ್ಚಲು ಮನಸ್ಸು ಬರಲಿಲ್ಲ.

ವಿಮಾನ ನಿಲ್ದಾಣದಲ್ಲಿ ನನ್ನನ್ನು ಒಂದು ತಟ್ಟೆಯಲ್ಲಿಟ್ಟು ಕತ್ತಲ ಪೆಟ್ಟಿಗೆಯೊಳಗೆ ತಳ್ಳಿದರು. ನನ್ನ ಹೊಟ್ಟೆಯೊಳಗಿನ ಮೊಳೆಗಳನ್ನು ಯಾರೋ ಪರದೆಯ ಮೇಲೆ ಎಣಿಸಿದರು. ಆ ಅವಮಾನದಿಂದ ಚೇತರಿಸಿಕೊಳ್ಳಲು ಎರಡು ದಿನ ಬೇಕಾಯಿತು. ಅಷ್ಟರಲ್ಲಿ ನಾವು ಯಾವುದೋ ಹಸಿರು ಬಯಲಿನಲ್ಲಿದ್ದೆವು. ಎಂಟು ದಿನ ಹಸುಗಳನ್ನೇ ನೋಡಿದೆವು. ಅಲ್ಲಿ ಹಾಲು ಕರೆಯುವುದು ಯಂತ್ರ, ಮೈ ತಿಕ್ಕುವುದು ಯಂತ್ರ, ಸಗಣಿ ಬಾಚುವುದೂ ಯಂತ್ರ. "ಅಂಗಾದ್ರೆ ಈ ಹಸೀಗೆ ಹೆಸರಿಟ್ಟು ಕರಿಯೋರು ಯಾರು?" ಎಂದು ದೇವೀರಮ್ಮ ಕೇಳಿದಳು. ಜೊತೆಗೆ ಬಂದಿದ್ದ ವಿಸ್ತರಣಾಧಿಕಾರಿ ವಿನೋದಿನಿ ಮೇಡಂ ಅದನ್ನು ಅಲ್ಲಿಯವರಿಗೆ ಇಂಗ್ಲಿಷಿನಲ್ಲಿ ಕೇಳಲಿಲ್ಲ.

ಒಂಬತ್ತನೆಯ ದಿನ ಹಸುಗಳು ಮುಗಿದವು. ಬುಡಾಪೆಸ್ಟ್ ಎಂಬ ಊರಿಗೆ ಬಂದೆವು. ಊರಿನ ನಡುವೆ ಡ್ಯಾನ್ಯೂಬ್ ಎಂಬ ದೊಡ್ಡ ಹೊಳೆ, ಆ ದಡ ಬುಡಾ, ಈ ದಡ ಪೆಸ್ಟ್. ಮಾರನೆಯ ದಿನ ಪೂರ್ತಿ ಊರು ನೋಡುವುದು, ಅದರ ಮಾರನೆಯ ದಿನ ವಿಮಾನ. ಎಲ್ಲರಿಗೂ ಸಡಗರ.

ಊರು ನೋಡುವ ದಿನ ಬೆಳಗ್ಗೆ ನಾನು ಹೋಟೆಲಿನ ಮಂಚದ ಕೆಳಗೆ ಇದ್ದಾಗ ಫೋನು ಬಂತು. ದೇವೀರಮ್ಮನ ಮಗಳು ಶೈಲ ಏಳು ತಿಂಗಳ ಬಸುರಿ. ಹಿಂದೆ ಎರಡು ಸಲ ಏಳನೆಯ ತಿಂಗಳಲ್ಲೇ ಮಗು ಕೈತಪ್ಪಿತ್ತು. ಈಗ ಕಾಲು ಊದಿಕೊಂಡು ಬಿ.ಪಿ. ಏರಿ, ಹಾಸನದ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಅಳಿಯ ಹೇಳಿದ. ದೇವೀರಮ್ಮ ಫೋನು ಇಟ್ಟು ಮಂಚದ ಮೇಲೆ ಕುಳಿತಳು. ಅವಳ ಕಾಲು ನೆಲಕ್ಕೆ ತಾಗದೆ ಗಾಳಿಯಲ್ಲಿ ತೂಗುತ್ತಿದ್ದುದನ್ನು ನಾನು ಕೆಳಗಿನಿಂದ ನೋಡಿದೆ.

ಅದೇ ಕೋಣೆಯಲ್ಲಿದ್ದವಳು ಸಾಕಮ್ಮ, ಪಕ್ಕದ ಹಳ್ಳಿಯ ಸಂಘದವಳು. ಮಾತು ಜೋರು, ಮನಸ್ಸು ಮೆದು.

"ದೇವಕ್ಕ, ನಿಂಗೆ ಶನಿ ಹತ್ತೈತೆ ಕಣಕ್ಕ. ಎಲ್ಡು ಕಿತ ಹಿಂಗೇ ಆಯ್ತು, ಇದು ಮೂರ್ನೇ ಕಿತ. ನಾನೊಂದ್ ಮಾತು ಹೇಳ್ತೀನಿ ಕೇಳು. ಹರಿಯೋ ನೀರಿನ ದಡದಾಗೆ, ಹಾಕ್ಕೊಂಡಿರೋ ಎಕ್ಕಡ ಬಿಟ್ಬುಡು. ತಿರುಗಿ ನೋಡ್ದಂಗೆ ಬಂದ್ಬುಡು. ಎಕ್ಕಡದ ಜೊತೆ ಶನೀನೂ ಅಲ್ಲೇ ಕುಂತ್ಕತಾನೆ. ತಿರುಗಿ ನೋಡಿದ್ಯೋ, ಬೆನ್ನಟ್ಕೊಂಡು ಬತ್ತಾನೆ."

"ಒಳ್ಳೆ ಎಕ್ಕಡ ಕಣೇ," ಎಂದಳು ದೇವೀರಮ್ಮ ಸಣ್ಣ ದನಿಯಲ್ಲಿ.

"ಮಗೀಗಿಂತ ಹೆಚ್ಚಾ?"

ನಾನು ಏನು ಹೇಳಲಿ? ಮಗುವಿಗಿಂತ ನಾನು ಹೆಚ್ಚಲ್ಲ. ಆದರೆ ಮಂಚದ ಕೆಳಗೆ ಕುಳಿತು ತನ್ನ ಸಾವಿನ ಮಾತನ್ನು ತಾನೇ ಕೇಳಿಸಿಕೊಳ್ಳುವುದು ಯಾರಿಗೂ ಬರಬಾರದು. ಹತ್ತು ನಿಮಿಷದ ನಂತರ ಅವಳು ಎಂದಿನಂತೆ ನನ್ನೊಳಗೆ ಕಾಲಿಟ್ಟಳು. ಆ ಕಾಲು ಆಗಲೇ ಬೇರೆಯವರದಾಗಿತ್ತು.

ಹಾಗಾಗಿ ಆ ದಿನ ನಾವಿಬ್ಬರೂ ಊರು ನೋಡಿದ್ದು ಬೇರೆ ಬೇರೆ. ಅವಳು ನನ್ನನ್ನು ಎಲ್ಲಿ ಬಿಡುವುದೆಂದು ನೋಡಿದಳು. ಬೇರೆಯವರೆಲ್ಲ ಫೋಟೋ ತೆಗೆಯುತ್ತಿದ್ದರೆ ಅವಳು ನೆಲ ನೋಡುತ್ತಿದ್ದಳು, ಹೊಳೆ ನೋಡುತ್ತಿದ್ದಳು. ಉಳಿದದ್ದನ್ನೆಲ್ಲ ಬೆಚ್ಚಿಬೀಳುತ್ತ ನೋಡಿದ್ದು ನಾನೊಬ್ಬನೇ.

ಮೊದಲು ಸುರಂಗದ ರೈಲು. ಅಲ್ಲಿಗೆ ಇಳಿಯುವ ಮೆಟ್ಟಿಲುಗಳು ತಾವಾಗಿಯೇ ಓಡುತ್ತಿದ್ದವು. ಕೊನೆಯಲ್ಲಿ ಒಂದೊಂದು ಮೆಟ್ಟಿಲೂ ಕಬ್ಬಿಣದ ಹಲ್ಲುಗಳ ಸಂದಿಯಲ್ಲಿ ಮಾಯವಾಗುತ್ತಿತ್ತು. ಕಚ್ಚುವುದು ಎಂದರೆ ಏನೆಂದು ನನಗೆ ಗೊತ್ತಾದದ್ದು ಆಗ. ರುದ್ರಾಣಮ್ಮನವರ ಬೆರಳನ್ನು ನೆನೆದು ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ರೈಲಿನೊಳಗೆ ನಾಯಿಯೊಂದು ಸೀಟಿನ ಪಕ್ಕ ಕುಳಿತಿತ್ತು, ನಾಲ್ಕೂ ಕಾಲಿಗೆ ಕೆಂಪು ಬೂಟು ಹಾಕಿಕೊಂಡು. ನಾನು ಕಣ್ಣು ಮುಚ್ಚಿಕೊಂಡೆ.

ಬುಡಾ ಗುಡ್ಡದ ಮೇಲೆ ಬಣ್ಣದ ಹೆಂಚಿನ ದೊಡ್ಡ ಚರ್ಚು ಇತ್ತು. ಬಾಗಿಲಲ್ಲಿ ದೇವೀರಮ್ಮ ಎಂದಿನಂತೆ ನನ್ನನ್ನು ಕಳಚಿ ಗೋಡೆಯ ಬದಿಗೆ ಇಟ್ಟಳು. ಬಂತು ನನ್ನ ಗಳಿಗೆ ಎಂದುಕೊಂಡೆ. ಅಷ್ಟರಲ್ಲಿ ಕಾವಲಿನವನು ಓಡಿಬಂದು, ಹಾಕಿಕೊಳ್ಳಿ, ಹಾಕಿಕೊಂಡೇ ಒಳಗೆ ಹೋಗಿ ಎಂದು ಕೈಸನ್ನೆ ಮಾಡಿದ.

"ದೇವ್ರ ಮುಂದ್ಕೆ ಎಕ್ಕಡದಾಗಾ?" ದೇವೀರಮ್ಮ ಹಿಂದೆ ಸರಿದಳು.

"ಇಲ್ಲಿ ಹಾಗೇ ಅಮ್ಮಾ. ಯಾರೂ ಬಿಚ್ಚಲ್ಲ," ಎಂದರು ವಿನೋದಿನಿ ಮೇಡಂ.

ಹೀಗೆ ನಾನು ಜನ್ಮದಲ್ಲಿ ಮೊದಲ ಸಲ ದೇವರ ಮನೆಯೊಳಗೆ ಹೋದೆ. ಕಾಲೂರಲು ಹೆದರಿ ಹೆದರಿ ಹೋದೆ. ಒಳಗೆ ತಂಪು, ಮೇಣದ ವಾಸನೆ, ಕೆಂಪು ನೀಲಿ ಗಾಜಿನ ಬೆಳಕು. ಆ ಬೆಳಕು ನನ್ನ ಮೇಲೂ ಬಿತ್ತು. ಯಾರೂ ಬೈಯಲಿಲ್ಲ. ನಾನಂತೂ ಅಳುವುದೊಂದು ಬಾಕಿ. ಆದರೆ ದೇವೀರಮ್ಮ ಕೈ ಮುಗಿಯಲಿಲ್ಲ. ಹೊರಗೆ ಬಂದು ಸಾಕಮ್ಮನ ಕಿವಿಯಲ್ಲಿ, "ಎಕ್ಕಡ ಬಿಡ್ದೇ ಇರೋ ಜಾಗ್ದಾಗೆ ದೇವ್ರು ಎಲ್ಲಿದ್ದಾನು? ಇವರ ದೇವ್ರು ಬ್ಯಾರೆ ಕಡೆ ಅವ್ನೆ," ಎಂದಳು. ಎಲ್ಲ ಅನಾಹುತವೂ ಈ ಮಾತಿನಿಂದಲೇ ಆಯಿತು ಎನ್ನಬೇಕು.

ಸಿಂಹಗಳಿದ್ದ ಸೇತುವೆಯ ಮೇಲೆ ನಡೆದು ಪೆಸ್ಟಿಗೆ ಬಂದೆವು. ನಡು ಸೇತುವೆಯಲ್ಲಿ ಅವಳು ನಿಂತು ಕೆಳಗೆ ನೋಡಿದಾಗ ನನ್ನ ಹೊಲಿಗೆ ಸಡಿಲಾದ ಹಾಗಾಯಿತು. "ಇಲ್ಲಲ್ಲ, ದಡದಾಗೆ ಬಿಡಬೇಕು," ಎಂದಳು ಸಾಕಮ್ಮ. ಸಂತೆಕಟ್ಟೆಯಲ್ಲಿ ಬ್ಯಾಡಗಿಯ ಹಾಗೆ ಕೆಂಪು ಮೆಣಸಿನಕಾಯಿಯ ಸರಗಳು ತೂಗುತ್ತಿದ್ದವು. ಬೇರೆ ದಿನವಾಗಿದ್ದರೆ ದೇವೀರಮ್ಮ ಒಂದನ್ನು ಮುರಿದು ಮೂಗಿಗೆ ಹಿಡಿಯುತ್ತಿದ್ದಳು. ಆ ದಿನ ಮುಟ್ಟಲೂ ಇಲ್ಲ. ಮತ್ತೆ ಫೋನು ಮಾಡಿದಳು. ಬಿ.ಪಿ. ಇಳಿದಿರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಬಸ್ಸು ಪಾರ್ಲಿಮೆಂಟಿನ ಹತ್ತಿರ ನಿಂತಿತು. ಫೋಟೋಕ್ಕೆ ಇಪ್ಪತ್ತು ನಿಮಿಷ ಎಂದರು. ಎಲ್ಲರೂ ಆ ಗೋಪುರದ ಕಡೆ ನಡೆದರೆ ದೇವೀರಮ್ಮ ಒಬ್ಬಳೇ ರಸ್ತೆ ದಾಟಿ ಹೊಳೆಯ ಕಡೆ ಬಂದಳು. ಬಂದವಳು ಗಕ್ಕನೆ ನಿಂತಳು. ನಾನೂ ನೋಡಿದೆ.

ಹೊಳೆಯ ದಡದ ಕಲ್ಲಿನ ಅಂಚಿನಲ್ಲಿ ಉದ್ದಕ್ಕೂ ಚಪ್ಪಲಿ, ಬೂಟು. ಗಂಡಸರದು, ಹೆಂಗಸರದು, ದೊಡ್ಡವು, ಚಿಕ್ಕವು. ಐವತ್ತು ಅರವತ್ತು ಜೊತೆ. ಕೆಲವು ನೆಟ್ಟಗೆ ನಿಂತಿದ್ದವು, ಕೆಲವು ಅವಸರದಲ್ಲಿ ಬಿಚ್ಚಿದ ಹಾಗೆ ಮಗುಚಿ ಬಿದ್ದಿದ್ದವು. ಒಂದೊಂದರೊಳಗೆ ಹೂವು, ಪಕ್ಕದಲ್ಲಿ ಉರಿದು ಆರಿದ ದೀಪ. ಎಲ್ಲದರ ಮೂತಿಯೂ ನೀರಿನ ಕಡೆಗೆ.

"ಅವ್ವಯ್ಯಾ," ಎಂದಳು ದೇವೀರಮ್ಮ. ಅವಳ ದನಿಯಲ್ಲಿ ಬೆಳಗಿನಿಂದ ಇಲ್ಲದ ಜೀವ ಬಂದಿತ್ತು. "ಇಲ್ಲಿ ಅವ್ನೆ ಇವರ ದೇವ್ರು! ಹೊಳೇಲಿ! ಇವರೂ ಶನಿ ಬಿಡಕ್ಕೆ ಇಲ್ಲಿಗೇ ಬತ್ತಾರೆ."

ಅವಳನ್ನು ನೋಡಿ ನೀವು ನಗಬೇಡಿ. ನಮ್ಮ ಕಡೆಯ ಯಾರೇ ಆಗಿದ್ದರೂ ಹಾಗೇ ತಿಳಿಯುತ್ತಿದ್ದರು. ನಾನೂ ಹಾಗೆಯೇ ತಿಳಿದೆ. ಸಾಲಿನ ಒಂದು ಕಡೆ ಎರಡು ಪುಟ್ಟ ಬೂಟು ಇದ್ದವು, ನಾಲ್ಕೈದು ವರ್ಷದ ಮಗುವಿನವು. ಅವುಗಳ ಪಕ್ಕ ಜಾಗ ಖಾಲಿ ಇತ್ತು. ದೇವೀರಮ್ಮ ಅಲ್ಲಿ ನನ್ನನ್ನು ಕಳಚಿ ಜೋಡಿಸಿ ಇಟ್ಟಳು. ಎಡ ಬಲ ಸರಿಯಾಗಿ. ಬಗ್ಗಿ ಒಂದು ಸಲ ಸವರಿದಳು.

"ಕೋಪ ಮಾಡ್ಕಬ್ಯಾಡ," ಎಂದಳು ನನಗೆ. ಆಮೇಲೆ ಹೊಳೆಗೆ ಕೈ ಮುಗಿದು, "ತಾಯಿ, ನನ್ ಮಗಳ ಮಗೀನ ಉಳಿಸ್ಕೊಡು," ಎಂದು ತಿರುಗಿ ನಡೆದಳು.

ಅಲ್ಲೊಬ್ಬಳು ಮುದುಕಿ ನಿಂತಿದ್ದಳು. ಎಂಬತ್ತು ದಾಟಿದ ಬಿಳಿ ಮುದುಕಿ, ಕೈಯಲ್ಲಿ ದಾರದ ಚೀಲ. ಅವಳು ದೇವೀರಮ್ಮನ ಬರಿಗಾಲನ್ನೂ ನನ್ನನ್ನೂ ನೋಡಿ ಕೈ ಆಡಿಸುತ್ತ ಕೂಗಿದಳು, "ನೇಮ್! ನೇಮ್!" ಎಂದು. ಅವರ ಭಾಷೆಯಲ್ಲಿ ಅದಕ್ಕೆ ಬೇಡ ಎಂದರ್ಥ. ದೇವೀರಮ್ಮನಿಗೇನು ಗೊತ್ತು? ನೋಡು, ಈ ಅಜ್ಜಿಗೂ ನೇಮ ಗೊತ್ತೈತೆ, ನೇಮ ಸರಿಯಾಗಿ ಮಾಡು ಅಂತ ಹೇಳ್ತಾವ್ಳೆ ಎಂದುಕೊಂಡಳಂತೆ. ಬೆನ್ನು ತಿರುಗಿಸಿಕೊಂಡೇ ತಲೆಯ ಮೇಲೆ ಕೈ ಜೋಡಿಸಿ, ಹೆಜ್ಜೆ ಇನ್ನೂ ಜೋರು ಮಾಡಿದಳು. ಆ ಬಿರುಕು ಹಿಮ್ಮಡಿಗಳು ರಸ್ತೆ ದಾಟಿ ಮರೆಯಾದವು. ತಿರುಗಿ ನೋಡಲಿಲ್ಲ.

ನಾನು ಪಕ್ಕದ ಪುಟ್ಟ ಬೂಟುಗಳನ್ನು ಮಾತಾಡಿಸಿದೆ. "ನಿಮ್ಮವರು ಯಾವಾಗ ಹೋದರು?" ಎಂದೆ. ಉತ್ತರವಿಲ್ಲ. ಸರಿಯಾಗಿ ನೋಡಿದಾಗ ಮೈ ಜುಂ ಎಂದಿತು. ಅವು ಚರ್ಮದವಲ್ಲ, ಕಬ್ಬಿಣದವು. ಸಾಲಿಗೆ ಸಾಲೇ ಕಬ್ಬಿಣ. ಕಲ್ಲಿಗೆ ಬೆಸೆದಿದ್ದರು.

ಮುದುಕಿ ನನ್ನ ಮುಂದೆ ಬಂದು ನಿಂತಳು. ಅವಳ ಕಾಲಲ್ಲಿ ಕಂದು ಬೂಟು, ಹಳೆಯವು, ಆದರೆ ಅಂದೇ ಪಾಲಿಶ್ ಮಾಡಿದ್ದವು. ಯಾವ ಊರಿನದಾದರೂ ಚರ್ಮದ ಮಾತು ಚರ್ಮಕ್ಕೆ ತಿಳಿಯುತ್ತದೆ.

"ಇವರೆಲ್ಲ ಸ್ನಾನಕ್ಕೆ ಇಳಿದರೇ?" ಎಂದು ಕೇಳಿದೆ.

ಕಂದು ಬೂಟು ಹೇಳಿತು. ದೊಡ್ಡ ಯುದ್ಧದ ಕೊನೆಯ ಚಳಿಗಾಲ. ಊರಿನವರೇ ಕೆಲವರು ಬಂದೂಕು ಹಿಡಿದು ಗುಂಪು ಕಟ್ಟಿದ್ದರು. ಯೆಹೂದಿ ಜನರನ್ನು ಮನೆಗಳಿಂದ ಎಳೆದು ತಂದು ಈ ಅಂಚಿನಲ್ಲಿ ಸಾಲಾಗಿ ನಿಲ್ಲಿಸಿದರು. ಬೂಟು ಬಿಚ್ಚಿ ಎಂದರು. ಯುದ್ಧಕಾಲದಲ್ಲಿ ಬೂಟಿಗೆ ಬೆಲೆ ಇತ್ತು, ಕಾಲಿನವರಿಗೆ ಇರಲಿಲ್ಲ. ಬಿಚ್ಚಿದ ಮೇಲೆ ಗುಂಡು ಹಾರಿಸಿದರು. ಬಿದ್ದವರನ್ನು ಹೊಳೆ ಕೊಂಡೊಯ್ಯಿತು. ಎಷ್ಟೋ ವರ್ಷಗಳ ಮೇಲೆ, ಮರೆಯಬಾರದೆಂದು ಈ ಕಬ್ಬಿಣದ ಬೂಟುಗಳನ್ನು ಮಾಡಿ ಇಟ್ಟರು.

"ಮಕ್ಕಳನ್ನೂ?" ಎಂದೆ. ಕೇಳಬಾರದಿತ್ತು.

"ನನ್ನ ಒಡತಿಯ ತಮ್ಮನನ್ನೂ," ಎಂದಿತು ಕಂದು ಬೂಟು. "ನಾನು ಆಗ ಇರಲಿಲ್ಲ. ನನಗಿಂತ ಹಿಂದಿನ ಬೂಟುಗಳು ಹೇಳಿದ್ದು. ಪ್ರತಿ ವಾರ ಅವಳು ಇಲ್ಲಿಗೆ ಬರುತ್ತಾಳೆ."

ಚಪ್ಪಲಿ ಬಿಚ್ಚಿ ಎನ್ನುವ ಮಾತನ್ನು ನಾನು ದಿನಕ್ಕೆ ಹತ್ತು ಸಲ ಕೇಳಿದ್ದೇನೆ. ನಮ್ಮಲ್ಲಿ ಅದು ಒಳಗೆ ಬನ್ನಿ ಎನ್ನುವುದಕ್ಕಿಂತ ಮುಂಚಿನ ಮಾತು. ಬಿಚ್ಚಿದ ಮೇಲೆ ಚಾಪೆ ಹಾಸುತ್ತಾರೆ, ನೀರು ಕೊಡುತ್ತಾರೆ, ಊಟಕ್ಕೆ ಏಳಿ ಎನ್ನುತ್ತಾರೆ. ಆ ಮಾತನ್ನು ಹೇಳಿ ಕೊಂದರು ಎಂಬುದು ನನ್ನ ತಲೆಗೆ ಹೋಗಲೇ ಇಲ್ಲ. ಈಗಲೂ ಹೋಗಿಲ್ಲ. ಬೆಳಗಿನಿಂದ ನಾನು ಓಡುವ ಮೆಟ್ಟಿಲಿಗೆ, ಬೂಟು ಹಾಕಿದ ನಾಯಿಗೆ ಬೆಚ್ಚಿದ್ದೆ. ನಾಚಿಕೆಯಾಯಿತು. ಪಕ್ಕದ ಪುಟ್ಟ ಬೂಟಿನೊಳಗೆ ಒಂದು ಬೆಣಚು ಕಲ್ಲು, ಒಣಗಿದ ಹೂವು. ಅದರ ಪಕ್ಕ ಶನಿಯೆಂದು ಬಿಟ್ಟುಹೋದ ನಾನು.

ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ. ದೇವೀರಮ್ಮ ಊರಿಗೆ ಬಂದ ಮೇಲೆ ಜಗಲಿಯಲ್ಲಿ ಕುಳಿತು ಎಷ್ಟೋ ಜನಕ್ಕೆ ಹೇಳಿದ್ದನ್ನು ಕೇಳಿ ಹೇಳುತ್ತೇನೆ. ಬಸ್ಸು ಹತ್ತುವಾಗ ವಿನೋದಿನಿ ಮೇಡಂ ಅವಳ ಬರಿಗಾಲು ನೋಡಿದರು.

"ಅಮ್ಮಾ, ಚಪ್ಪಲಿ ಎಲ್ಲಿ?"

"ಹೊಳೆ ದಡದ ಸಾಲ್ನಾಗೆ ಬಿಟ್ಬಂದೆ ಮೇಡಮ್ನೋರೆ. ಅದೇ, ಎಲ್ಲಾರೂ ಬಿಟ್ಟವ್ರಲ್ಲ."

ವಿನೋದಿನಿ ಮೇಡಂ ಸೀಟಿನ ಕಂಬಿ ಹಿಡಿದುಕೊಂಡರು. "ಅಯ್ಯೋ ಅಮ್ಮಾ... ಅದನ್ನ ಯಾರೂ ಬಿಟ್ಟಿದ್ದಲ್ಲ." ಆಮೇಲೆ ಅದು ಏನೆಂದು ಹೇಳಿದರು.

ದೇವೀರಮ್ಮ ಬಾಗಿಲ ಕಡೆ ತಿರುಗಿದಳು. ಸಾಕಮ್ಮ ಸೆರಗು ಹಿಡಿದು ಎಳೆದಳು. "ದೇವಕ್ಕ, ಹೋಗ್ಬ್ಯಾಡ! ತಿರುಗಿ ನೋಡೋದೇ ತಪ್ಪು, ತಿರುಗಿ ಹೋಗಿ ತರಾದು ಉಂಟಾ? ಅಲ್ಲಿ ಶೈಲ ಆಸ್ಪತ್ರೇಲಿ ಅವ್ಳೆ. ಆ ಮಗೀನ ತಲೆ ಮ್ಯಾಲೆ ಬತ್ತದೆ ಕಣಕ್ಕ!"

ಆ ಮಾತು ಎದೆಗೆ ನಾಟಿತಂತೆ. ಆದರೂ ಸೆರಗು ಬಿಡಿಸಿಕೊಂಡಳು. "ನಂದು ಆ ಮಗೀನ ಪಕ್ಕ ಬಿಟ್ಬಂದಿವ್ನಿ ಸಾಕೂ. ಪುಟ್ಟ ಬೂಟು ಇದ್ದೋ. ನಮ್ ಮನೆ ಶನೀನ ಆ ಮಗೀನ ಪಕ್ಕ ಕೂರ್ಸಿ, ನನ್ ಮೊಮ್ಮಗೀನ ಉಳಿಸ್ಕೊಂಡು ನಾನ್ಯಾವ ಮುಖ ಇಟ್ಕೊಂಡು ಎತ್ಕೊಳ್ಳಲಿ?" ಎಂದು ಇಳಿದುಬಿಟ್ಟಳು.

ನಾನು ಕಂಡದ್ದು ಇಲ್ಲಿಂದ ಮುಂದೆ. ರಸ್ತೆಯಾಚೆ ಆ ಬರಿಗಾಲು ಕಾಣಿಸಿತು. ಬಿರುಕು ಹಿಮ್ಮಡಿ, ಉಗುರಿಲ್ಲದ ಕಿರುಬೆರಳು. ಏಪ್ರಿಲ್ಲಿನ ಚಳಿಗಾಳಿಯಲ್ಲಿ ಓಡುತ್ತ ಬಂತು. ನನ್ನ ಆಯುಷ್ಯದಲ್ಲಿ ತಿರುಗಿ ಬಂದ ಕಾಲು ಅದೊಂದೇ.

ಅಷ್ಟರಲ್ಲಿ ಮುದುಕಿ ನನ್ನನ್ನು ಎತ್ತಿ ಎದೆಗವುಚಿಕೊಂಡಿದ್ದಳು. ಯಾರಿಗಾದರೂ ಒಪ್ಪಿಸಬೇಕೆಂದಿದ್ದಳೋ ಏನೋ. ದೇವೀರಮ್ಮ ಏದುಸಿರು ಬಿಡುತ್ತ ನಿಂತು, ನನ್ನನ್ನು ತೋರಿಸಿ, ತನ್ನ ಕಾಲು ತೋರಿಸಿ, "ನಂದವ್ವ," ಎಂದಳು.

ಮುದುಕಿ ತಲೆಯಾಡಿಸಿ, "ಈಗೆನ್, ಈಗೆನ್," ಎಂದಳು. ಅವರ ಭಾಷೆಯಲ್ಲಿ ಅದಕ್ಕೆ ಹೌದು ಎಂದರ್ಥ. ದೇವೀರಮ್ಮನಿಗೆ ಅದು ಕೇಳಿಸಿದ್ದು ಬೇರೆ.

"ಈಗೇನ್ ಅಂತ ಕೇಳ್ತೀಯಾ? ಈಗೇನೂ ಇಲ್ಲ ಕಣವ್ವ. ತೆಪ್ಪಾಯ್ತು. ತಿಳೀದೆ ಬಿಟ್ಬುಟ್ಟೆ," ಎಂದು ಬೆಳಗಿನಿಂದ ತಡೆದಿದ್ದ ಅಳುವನ್ನು ಒಮ್ಮೆಲೇ ಬಿಟ್ಟಳು. ಅಳುತ್ತಲೇ ಹೊಟ್ಟೆ ಮುಟ್ಟಿಕೊಂಡು, ಕೈಯಲ್ಲಿ ತೊಟ್ಟಿಲು ತೂಗಿ ತೋರಿಸಿ, ಎರಡು ಬೆರಳೆತ್ತಿ ಇಲ್ಲ ಎಂದು ಕೈ ಆಡಿಸಿ, ಮೂರನೆಯ ಬೆರಳೆತ್ತಿ ಆಕಾಶ ನೋಡಿದಳು. ಮುದುಕಿ ಎಷ್ಟು ತಿಳಿದುಕೊಂಡಳೋ ಕಾಣೆ. ಅವಳು ಪುಟ್ಟ ಬೂಟನ್ನು ತೋರಿಸಿ, ತನ್ನ ಎದೆ ಮುಟ್ಟಿಕೊಂಡು, ನೆಲದಿಂದ ಇಷ್ಟೆತ್ತರ ಎಂದು ಕೈ ಹಿಡಿದು ತೋರಿಸಿದಳು. ಆ ಕೈ ಅಲ್ಲೇ ನಿಂತಿತು, ತಲೆ ಸವರುವ ಹಾಗೆ.

ಆಮೇಲೆ ನಡೆದದ್ದಕ್ಕೆ ದೇವೀರಮ್ಮ ಬೆಚ್ಚಿಬಿದ್ದಳು, ನಾನೂ ಬೆಚ್ಚಿಬಿದ್ದೆ. ಮುದುಕಿ ಕಲ್ಲಿನ ಮೇಲೆ ಕಷ್ಟಪಟ್ಟು ಮಂಡಿಯೂರಿದಳು. ದೇವೀರಮ್ಮನ ಮರಗಟ್ಟಿದ ಪಾದವನ್ನು ಕೈಯಲ್ಲಿ ಉಜ್ಜಿ, ನನ್ನನ್ನು ತಾನೇ ತೊಡಿಸಿದಳು.

"ಅಯ್ಯಯ್ಯೋ ಬ್ಯಾಡವ್ವ, ದೊಡ್ಡೋಳು ನೀನು, ನನ್ ಕಾಲು ಮುಟ್ಬ್ಯಾಡ, ಪಾಪ ಬತ್ತದೆ ನಂಗೆ!"

ಮುದುಕಿ ಬಿಡಲಿಲ್ಲ. ಎಡದ್ದು ಹಾಕಿ, ಬಲದ್ದೂ ಹಾಕಿದಳು. ಈ ದಡದಲ್ಲಿ ಯಾರೂ ಬರಿಗಾಲಲ್ಲಿ ನಿಲ್ಲಬಾರದು ಎಂದಿತ್ತೋ ಏನೋ ಅವಳಿಗೆ. ಅವಳ ಹೆಸರು ನನಗೆ ಗೊತ್ತಾಗಲೇ ಇಲ್ಲ. ಅವಳ ಕೈ ಮಾತ್ರ ಮಾರಣ್ಣನ ಕೈಯಷ್ಟೇ ಒರಟಾಗಿತ್ತು.

ದೇವೀರಮ್ಮ ಬಗ್ಗಿ ಅವಳ ಕಾಲು ಮುಟ್ಟಿ ನಮಸ್ಕರಿಸಿದಳು. ಆಮೇಲೆ ಚೀಲ ತಡಕಿ, ಮನೆಯಿಂದ ಕಟ್ಟಿಕೊಂಡು ಬಂದಿದ್ದ ಕೊಬ್ಬರಿ ಮಿಠಾಯಿಯ ಪೊಟ್ಟಣ ತೆಗೆದಳು. ಒಂದೇ ಉಳಿದಿತ್ತು. ಎರಡಾಗಿ ಮುರಿದು, ಅರ್ಧವನ್ನು ಮುದುಕಿಯ ಅಂಗೈಗೆ ಕೊಟ್ಟಳು. ಇನ್ನರ್ಧವನ್ನು ಪುಟ್ಟ ಬೂಟಿನೊಳಗೆ, ಬೆಣಚು ಕಲ್ಲಿನ ಪಕ್ಕ ಇಟ್ಟಳು. "ತಿನ್ನು ಮಗ," ಎಂದಳು. ನನ್ನನ್ನು ಮೆಟ್ಟಿಕೊಂಡು ಬಸ್ಸಿನ ಕಡೆ ಹೋಗುವಾಗ ಮೂರು ಸಲ ತಿರುಗಿ ನೋಡಿದಳು.

ಊರಿಗೆ ಬಂದ ಐದನೆಯ ದಿನವೇ ಶೈಲಳಿಗೆ ದಿನ ತುಂಬದೆ ಹೆರಿಗೆಯಾಯಿತು. ಹೆಣ್ಣು ಮಗು, ಒಂದು ಕೆ.ಜಿ. ನಾನೂರು ಗ್ರಾಂ. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಆ ವಾರ್ಡಿನ ಬಾಗಿಲಲ್ಲಿ ದೊಡ್ಡ ಅಕ್ಷರದ ಬೋರ್ಡಿತ್ತು, ಚಪ್ಪಲಿಗಳನ್ನು ಇಲ್ಲೇ ಬಿಡಿ ಎಂದು. ದಿನವೂ ನನ್ನನ್ನು ಅಲ್ಲಿ ಬಿಡುತ್ತಿದ್ದಳು. ಸಾಲಾಗಿ ಹವಾಯಿ, ರಬ್ಬರು, ಹೀಲ್ಸು. ಆ ಸಾಲು ನೋಡಿದ ಮೊದಲ ದಿನ ನನಗೆ ಎದೆ ಒಡೆದ ಹಾಗಾಯಿತು. ಒಂದು ಮಧ್ಯಾಹ್ನ ಒಳಗಿನಿಂದ ಒಬ್ಬ ಗಂಡಸು ಬಟ್ಟೆ ಸುತ್ತಿದ್ದ ಏನನ್ನೋ ಎತ್ತಿಕೊಂಡು ಹೊರಬಂದ. ಅವನ ನೀಲಿ ಹವಾಯಿ ನನ್ನ ಪಕ್ಕದಲ್ಲೇ ಇದ್ದವು. ಅವುಗಳನ್ನು ನೋಡದೆ ಬರಿಗಾಲಲ್ಲಿ ಹೋಗಿಬಿಟ್ಟ. ಸಂಜೆ ಕಸ ಗುಡಿಸುವವಳು ತೆಗೆದುಕೊಂಡು ಹೋಗುವವರೆಗೂ ಅವು ಬಾಗಿಲು ನೋಡುತ್ತಿದ್ದವು.

ಸಾಕಮ್ಮ ನೋಡಲು ಬಂದಳು. ಅವಳಿಗೂ ಅಳು. "ಈಗ್ಲಾದ್ರೂ ಇವನ್ನ ಬಿಸಾಕು ದೇವಕ್ಕ. ನನ್ ಮಾತು ಕೇಳು," ಎಂದಳು.

ದೇವೀರಮ್ಮ ಬಹಳ ಹೊತ್ತು ನನ್ನನ್ನೇ ನೋಡಿದಳು. ಸಾಕಮ್ಮ ಹೋದ ಮೇಲೆ ಗೋಡೆಗೊರಗಿ ಕುಳಿತು, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ, "ನಾನು ತೆಪ್ಪು ಮಾಡಿದ್ನಾ?" ಎಂದಳು. ಮಗುವಿಗೆ ಏನಾದರೂ ಆದರೆ ಅವಳು ನನ್ನನ್ನು ಸುಟ್ಟುಬಿಡಲಿ ಎಂದು ನಾನೇ ಬೇಡಿಕೊಂಡೆ. ಮಾರನೆಯ ಬೆಳಗ್ಗೆ ಅವಳು ಮತ್ತೆ ನನ್ನನ್ನೇ ಮೆಟ್ಟಿಕೊಂಡು ಬಂದಳು.

ಇಪ್ಪತ್ತಾರು ದಿನ. ಇಪ್ಪತ್ತೇಳನೆಯ ದಿನ ಬಾಗಿಲು ತೆರೆಯಿತು, ಶೈಲ ಮಗುವನ್ನು ಎತ್ತಿಕೊಂಡು ಹೊರಗೆ ಬಂದಳು. ಮಗು ಅಳುತ್ತಿತ್ತು, ಜೋರಾಗಿ. ದೇವೀರಮ್ಮ ಸಂಭ್ರಮದಲ್ಲಿ ನನ್ನ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿಕೊಂಡು ಆಸ್ಪತ್ರೆಯ ಮೆಟ್ಟಿಲಿಳಿದಳು. ಬಸ್ ನಿಲ್ದಾಣದವರೆಗೂ ಅವಳಿಗೆ ಗೊತ್ತೇ ಆಗಲಿಲ್ಲ. ನಾನೂ ಹೇಳಲಿಲ್ಲ.

ಅದಾಗಿ ಮೂರು ವರ್ಷ ಕಳೆದಿದೆ. ಮಾರಣ್ಣ ಹೇಳಿದ್ದ ಮೂರು ವರ್ಷದ ಕಾವಲು ನನ್ನದು ಮುಗಿಯಿತು. ಟೈರು ಸವೆದು ಅದರ ಜಂಬವೂ ಸವೆದಿದೆ. ಬಾರು ಕಿತ್ತು ಎರಡು ಸಲ ಹೊಲಿಸಿಕೊಂಡಿದ್ದೇನೆ. ಕೊಟ್ಟಿಗೆಗೆ ಹೋಗಲು ದೇವೀರಮ್ಮನಿಗೆ ಈಗ ರಬ್ಬರಿನದು ಬಂದಿದೆ. ಆದರೂ ನನ್ನನ್ನು ಬಿಸಾಡಿಲ್ಲ, ಜಗಲಿಯ ಮೂಲೆಯಲ್ಲಿಟ್ಟಿದ್ದಾಳೆ. ಉಗಾದಿಗೊಮ್ಮೆ ಎಣ್ಣೆ ಹಚ್ಚುತ್ತಾಳೆ. ನೋಡಿದವರು, ಇವೆಲ್ಲಿಯ ಪಾದುಕೆಯಮ್ಮ ಎಂದು ಚುಡಾಯಿಸುತ್ತಾರೆ.

ಮೊಮ್ಮಗಳ ಹೆಸರು ಸಿರಿ. ತಾಯಿಯ ಜೊತೆ ಬಂದಾಗಲೆಲ್ಲ ಅಂಗಳ ತುಂಬ ಓಡುತ್ತಾಳೆ, ಹೆಜ್ಜೆಗೊಮ್ಮೆ ಕೀಂ ಕೀಂ ಎನ್ನುವ ಕೆಂಪು ಬೂಟು ಹಾಕಿಕೊಂಡು. ಓಡಿ ದಣಿದು ಅವುಗಳನ್ನು ಕಳಚಿ, ಒಂದನ್ನು ನೆಟ್ಟಗೆ, ಒಂದನ್ನು ಮಗುಚಿ ನನ್ನ ಪಕ್ಕ ಎಸೆದು, ಬರಿಗಾಲಲ್ಲಿ ಒಳಗೆ ಹೋಗುತ್ತಾಳೆ. ಅವು ಇನ್ನೂ ಎಳೆಯವು. ಹೆದರಿಕೆ ಜಾಸ್ತಿ. ಬಾಗಿಲು ನೋಡುತ್ತ ನನ್ನನ್ನು ಕೇಳುತ್ತವೆ, "ಅವಳು ತಿರುಗಿ ಬರುತ್ತಾಳಾ?"

ಪ್ರತಿ ಸಲವೂ ನನಗೆ ಆ ದಡದ ಇನ್ನೊಂದು ಪುಟ್ಟ ಜೊತೆ ನೆನಪಾಗುತ್ತದೆ. ಅದಕ್ಕೆ ನನ್ನಿಂದ ಏನನ್ನೂ ಹೇಳಲಾಗಲಿಲ್ಲ. ಒಳಗೆ ಸಿರಿ ನಗುವುದು ಕೇಳಿಸುತ್ತದೆ.

"ಬರುತ್ತಾಳೆ," ಎನ್ನುತ್ತೇನೆ.